ಖಾರದ ಕೈ, ಸಿಹಿ ಚಮಚ

"ನಿಮಗ ಕೆಮ್ಮಿಲ್ಲಲ್ರಿ..."

ಮಾತು ಬಾಯಿಂದ ಜಾರಿದ ಮೇಲೆ ಪುಷ್ಪಲತಾ ತಾನೇ ಬೆಚ್ಚಿದಳು. ಕೌಂಟರಿನ ಆಚೆ ನಿಂತಿದ್ದವನೂ ಬೆಚ್ಚಿದ.

"ಏನಂದ್ರಿ?"

"ಏನಿಲ್ರಿ..."

"ಇಲ್ಲ, ಏನೋ ಅಂದ್ರಿ. ಹೇಳ್ರಿ."

ಅವಳು ತಲೆ ತಗ್ಗಿಸಿದಳು. ಬ್ಯಾಡಗಿಯ ಈ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ. ಎಂಟನೆಯ ತರಗತಿಗೇ ಶಾಲೆ ಬಿಟ್ಟವಳು. ಡಬ್ಬಿಗಳ ಮೇಲಿನ ಇಂಗ್ಲಿಷ್ ಹೆಸರುಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಕಲಿತಿದ್ದಳು. ಗಿರಾಕಿಗಳ ಜೊತೆ ಬೇಕಾದಷ್ಟೇ ಮಾತು. ಆದರೆ ಕಣ್ಣು... ಅವಳ ಕಣ್ಣಿಗೆ ಮಾತ್ರ ಬಿಡುವೇ ಇರುತ್ತಿರಲಿಲ್ಲ.

"ಇವತ್ತ ಗುರುವಾರ್ರಿ," ಎಂದಳು ಮೆಲ್ಲಗೆ. "ಪ್ಯಾಟಿಗೆ ಮೆಣಸಿನಕಾಯಿ ಬಂದೈತಿ. ಊರಿಗೆ ಊರ ಕೆಮ್ಮಾಕತ್ತೈತಿ. ನಮ್ಮ ಕಾಕಾ ಕೆಮ್ಮತಾರ, ನಾ ಕೆಮ್ಮತೀನಿ. ನೀವೊಬ್ರ ಕೆಮ್ಮವಲ್ರಿ. ಆದ್ರ ವಾರದಾಗ ಇದು ಮೂರನೇ ಬಾಟ್ಲಿ..."

ಅವನ ಮುಖಕ್ಕೆ ರಕ್ತ ನುಗ್ಗಿತು.

"ನಿನ್ನ ಕೆಲಸ ಔಷಧಿ ಕೊಡೂದು. ಯಾರ ಕೆಮ್ಮತಾರ, ಯಾರ ಇಲ್ಲ ಅಂತ ನೋಡೂದಲ್ಲ!"

"ಡಾಕ್ಟರ ಚೀಟಿ ಇದ್ರ ಕೊಡ್ತೀನ್ರಿ."

ಧ್ವನಿ ನಡುಗಿತು. ಆದರೆ ಬಾಟಲಿಯ ಮೇಲಿನ ಕೈ ಕದಲಲಿಲ್ಲ. ಅವನು ಆ ಕೈಯನ್ನು ನೋಡಿದ. ಅವಳ ಮುಖವನ್ನು ನೋಡಿದ. ತಿರುಗಿ ಹೊರಟೇಬಿಟ್ಟ.

ಕಪಾಟಿನ ಹಿಂದೆ ಊಟಕ್ಕೆ ಕುಳಿತಿದ್ದ ಮಾಲೀಕ ಪ್ರಭುಲಿಂಗಪ್ಪ ಅಲ್ಲಿಂದಲೇ ಕೂಗಿದ. "ಯಾರವಾ ಅದು?"

"ಚೀಟಿ ತರಾಕ ಹೋದ್ರಿ ಕಾಕಾ."

"ಬಂದ ಬಂದವರನ್ನೆಲ್ಲಾ ಚೀಟಿ ತರಾಕ ಕಳಿಸು ನೀ. ಕಡೀಕ ನಾನೂ ನೀನೂ ಕೂಡಿ ಮೆಣಸಿನಕಾಯಿ ತುಂಬು ಮುರಿಯಾಕ ಹೋಗೂಣು!"

ಅವಳು ನಗಲಿಲ್ಲ. ಮನಸ್ಸು ಆ ಕಣ್ಣುಗಳ ಹಿಂದೆ ಹೋಗಿತ್ತು. ಸಿಟ್ಟಿನ ಕಣ್ಣುಗಳನ್ನು ಅವಳು ಚೆನ್ನಾಗಿ ಬಲ್ಲಳು. ಅವು ಸಿಟ್ಟಿನ ಕಣ್ಣುಗಳಲ್ಲ... ಅಂಜಿದ ಕಣ್ಣುಗಳು.

ಮರುದಿನ ಅವನು ಮತ್ತೆ ಬಂದ. ಗಿರಾಕಿಗಳೆಲ್ಲ ಹೋಗುವವರೆಗೂ ಮೆಟ್ಟಿಲ ಕೆಳಗೇ ನಿಂತಿದ್ದ.

"ಚೀಟಿ ತಂದಿಲ್ಲ," ಎಂದ. "ಔಷಧಿ ಕೇಳಾಕೂ ಬಂದಿಲ್ಲ. ನಾ ಹನುಮೇಶ ಅಂತ. ಕೋಲ್ಡ್ ಸ್ಟೋರೇಜ್‌ನ್ಯಾಗ ಮಷೀನ್ ನೋಡ್ಕೋತೀನಿ. ಆರು ವರ್ಷ ಆತು ಇದನ್ನ ಕುಡಿಯಾಕತ್ತು. ದಿನಕ್ಕ ಅರ್ಧ ಬಾಟ್ಲಿ... ಒಮ್ಮೊಮ್ಮೆ ಇಡೀ ಬಾಟ್ಲಿ. ಸೆರೆ ಆದ್ರ ಬಾಯಿ ವಾಸನಿಗೆ ಜನಕ್ಕ ಗೊತ್ತಾಕ್ಕೈತಿ. ಇದು ಯಾರಿಗೂ ಗೊತ್ತಾಗೂದಿಲ್ಲ. ನಮ್ಮವ್ವಗೂ ಗೊತ್ತಿಲ್ಲ. ನಿಮಗ ಹೆಂಗ ಗೊತ್ತಾತು?"

ಪುಷ್ಪಲತಾ ಗಲ್ಲಾಪೆಟ್ಟಿಗೆಯ ಮೂಲೆ ನೋಡುತ್ತಾ ಹೇಳಿದಳು. "ನಮ್ಮಪ್ಪ ಕುಡೀತಿದ್ದ್ರಿ. ತೀರಿಕೊಂಡು ನಾಲ್ಕು ವರ್ಷ ಆತು. ಅಂಥಾದ್ದು ನನಗ ಲಗೂ ಗೊತ್ತಾಕ್ಕೈತಿ."

ಅವನು ಮುಂದೆ ಏನೂ ಕೇಳಲಿಲ್ಲ. ಅದು ಅವಳಿಗೆ ಹಿಡಿಸಿತು.

ಅವಳು ಗೋಡೆಯ ಕಡೆ ಬೆರಳು ತೋರಿದಳು. ಹಾವೇರಿಯ ದೊಡ್ಡ ದವಾಖಾನೆಯವರು ಅಂಟಿಸಿ ಹೋಗಿದ್ದ ಒಂದು ಹಾಳೆ. ಚಟ ಬಿಡಬೇಕೆನ್ನುವವರು ಬುಧವಾರ ಬಂದು ಮಾತಾಡಬಹುದು ಎಂದಿತ್ತು.

"ಬುಧವಾರ ನಾನೂ ಹಾವೇರಿಗೆ ಹೋಗ್ತೀನ್ರಿ. ಅಂಗಡಿಗೆ ಮಾಲು ತರಾಕ... ಹತ್ತು ಗಂಟೆ ಬಸ್ಸಿಗೆ."

ಹೇಳಿದ ಮೇಲೆ ಅವಳ ಕೆನ್ನೆ ಬಿಸಿಯಾಯಿತು. 'ಅಯ್ಯ, ಇದನ್ನ ಯಾಕ ಹೇಳಿದೆ ನಾ!'

*

ಬುಧವಾರ ಅವನು ಬಂದಿದ್ದ. ಗಡ್ಡ ತೆಗೆಸಿ, ಇಸ್ತ್ರಿ ಅಂಗಿ ಹಾಕಿ, ಪರೀಕ್ಷೆಗೆ ಹೊರಟವನ ಹಾಗೆ.

ಅವಳು ಹೆಂಗಸರ ಸೀಟಿನಲ್ಲಿ ಕುಳಿತಳು. ಅವನು ಸರಿಯಾಗಿ ಅದರ ಹಿಂದೆ. ಕಂಡಕ್ಟರ್ ಬಂದು ಹೋದ ಮೇಲೆ ಹಿಂದಿನಿಂದ ಮೆಲುದನಿ ಕೇಳಿತು.

"ನಿಮಗ ಪುಗಸಟ್ಟೆ, ನನಗ ಟಿಕೀಟು. ಚಟ ಬಿಡಾಕ ಹೊಂಟ ಗಂಡಸರಿಗರೆ ಸರ್ಕಾರ ಫ್ರೀ ಮಾಡಬೇಕಿತ್ತು ನೋಡ್ರಿ."

"ಹಂಗ ಮಾಡಿದ್ರ ಬಸ್ಸಿನ್ಯಾಗ ನಮಗ ಕುಂದ್ರಾಕ ಜಾಗ ಸಿಗ್ತಿರಲಿಲ್ರಿ."

ಅವನು ಜೋರಾಗಿ ನಕ್ಕ. ಅವಳು ಕಿಟಕಿಗೆ ಮುಖ ಮಾಡಿ, ಯಾರಿಗೂ ಕಾಣದಂತೆ ನಕ್ಕಳು.

ಹೀಗೆ ಒಂದು ಬುಧವಾರ, ಎರಡು ಬುಧವಾರ... ಅವಳು ಮಾಲಿನ ಡಬ್ಬಿಗಳನ್ನು ಕಟ್ಟಿಸಿಕೊಂಡು ಬರುವಷ್ಟರಲ್ಲಿ ಅವನು ಬಸ್ ನಿಲ್ದಾಣದಲ್ಲಿ ಕಾಯುತ್ತಿರುತ್ತಿದ್ದ. ಒಂದೊಂದು ದಿನ ಅವನ ಕೈ ನಡುಗುತ್ತಿತ್ತು. ಒಂದೊಂದು ದಿನ ಕಣ್ಣ ಕೆಳಗೆ ಕಪ್ಪು. ಆದರೂ ಅವಳ ಡಬ್ಬಿಗಳನ್ನು ತಾನೇ ಎತ್ತಿ ಬಸ್ಸಿಗಿಡುತ್ತಿದ್ದ.

ಮೂರನೆಯ ಬುಧವಾರ, ವಾಪಸು ಬರುವಾಗ ಬಸ್ಸು ಖಾಲಿ ಇತ್ತು. ಅವನು ಮುಂದಕ್ಕೆ ಬಾಗಿ ಹೇಳಿದ.

"ದವಾಖಾನ್ಯಾಗ ಸುಗರಾಬಿ ಮೇಡಂ ಇವತ್ತ ಒಂದು ಮಾತ ಕೇಳಿದ್ರು. ಮೊದಲನೇ ಸಲ ಯಾವಾಗ ಕುಡಿದಿ ಅಂತ. ಇಪ್ಪತ್ಮೂರನೇ ವರ್ಷಕ್ಕ ಅಂದೆ. ಕೆಮ್ಮು ಬಂದಿತ್ತು, ಜೋಡಿ ಕೆಲಸ ಮಾಡಾಂವ ತಂದ ಕೊಟ್ಟ. ಒಂದ ಗುಟುಕು ಒಳಗ ಹೋತು ನೋಡ್ರಿ... ಮನಿಗೆ ಬಂದಂಗಾತು."

"ಮನಿಗೆ?"

"ಹೂಂ. ನಾ ಹಂಗ ಅಂದೆ, ಮೇಡಂ ಬರಿಯೂದ ಬಿಟ್ಟ ನನ್ನ ನೋಡಿದ್ರು. 'ಕಣ್ಣ ಮುಚ್ಚು. ಅದರ ವಾಸನಿ ನೆನಸ್ಕೋ. ಯಾವ ಮನಿ ಕಾಣ್ತೈತಿ?' ಅಂದ್ರು."

ಪುಷ್ಪಲತಾ ಹಿಂದಕ್ಕೆ ತಿರುಗಿ ಕುಳಿತಳು.

"ಮನಿ ಕಾಣಲಿಲ್ಲ. ಚೀಲ ಕಂಡ್ವು. ಸುತ್ತಲೂ ಮೆಣಸಿನಕಾಯಿ ಚೀಲ, ಮ್ಯಾಲ ತಗಡು. ನಡುವ ನಾ ಮಲಗೇನಿ. ಭಾಳ ಸಣ್ಣಾಂವ... ಅಳಾಕತ್ತೇನಿ. ಯಾರೂ ಎತ್ತಿಕೊಳ್ಳವಲ್ರು. ಆಮ್ಯಾಲ ಒಂದು ಚಮಚ ಬರ್ತೈತಿ, ಸಿಹಿ. ಚಮಚ ಹಿಡಿದ ಕೈಯಾಗ ಹಸಿರ ಬಳಿ. ಅಷ್ಟ. ಮಾರಿ ಕಾಣೂದಿಲ್ಲ."

"ನಿಮ್ಮವ್ವ..."

"ನಮ್ಮಪ್ಪ ನಾ ಹೊಟ್ಟ್ಯಾಗಿದ್ದಾಗ ಅವ್ವನ್ನ ಬಿಟ್ಟು ಹೋದ. ಅವ್ವ ನನ್ನ ಕಟ್ಟಿಕೊಂಡು ತುಂಬು ಮುರಿಯಾಕ ಹೋಗ್ತಿದ್ಲು."

ಬ್ಯಾಡಗಿಯಲ್ಲಿ ಆ ಕೆಲಸ ಗೊತ್ತಿಲ್ಲದವರು ಯಾರು? ಬೆಳಗಿನಿಂದ ಸಂಜೆಯವರೆಗೆ ಕೆಂಪು ರಾಶಿಯ ಮುಂದೆ ಕುಳಿತು ಒಂದೊಂದೇ ಕಾಯಿಯ ತೊಟ್ಟು ಮುರಿದು ಹಾಕುವ ನೂರಾರು ಹೆಂಗಸರು.

"ಮೇಡಂ ಏನಂದ್ರಿ?"

"'ಕೂಸು ಅತ್ತಾಗ ಕೈ ಬಂದ್ರ, ಕೂಸು ಕೈಯನ್ನ ಕಲೀತೈತಿ. ಚಮಚ ಬಂದ್ರ ಚಮಚ ಕಲೀತೈತಿ. ಮುಂದ ದೊಡ್ಡಾಂವ ಆಗಿ ಎಲ್ಲೆರೆ ಉರಿ ಹತ್ತಿದ್ರ, ಕಲಿತದ್ದನ್ನ ಹುಡುಕ್ಕೊಂಡ ಹೋಗ್ತೈತಿ' ಅಂದ್ರು. ಹಂಗಾರ ನಮ್ಮವ್ವಂದ ತಪ್ಪೇನ್ರಿ ಅಂತ ಕೇಳಿದೆ. 'ತಪ್ಪು ಹಿಡಿಯಾಕ ನಾ ಪೊಲೀಸ್ ಅಲ್ಲಪಾ' ಅಂದ್ರು."

ಅವನು ನಗಲು ಹೋದ. ಆಗಲಿಲ್ಲ.

"ಅವ್ವನ್ನ ಕೇಳೀರೇನ್ರಿ?"

"ಹೆಂಗ ಕೇಳ್ಲಿ? ಕೇಳಿದ್ರ ಆಕಿ ಎದಿ ಒಡಕೋತಾಳ. ನನಗ ಕೇಳಾಕ ಬರೂದಿಲ್ಲ ಪುಷ್ಪಾ. ಅಳಾಕ ಬರೂದಿಲ್ಲ, ನೋವಾತು ಅನ್ನಾಕ ಬರೂದಿಲ್ಲ. ಎಲ್ಲಾದಕ್ಕೂ 'ಚಲೋ ಆತು' ಅಂದುಬಿಡ್ತೀನಿ."

ಮೊದಲ ಬಾರಿ ಅವನು 'ಪುಷ್ಪಾ' ಎಂದಿದ್ದ. ಅದು ಇಬ್ಬರಿಗೂ ಗೊತ್ತಾಯಿತು. ಇಬ್ಬರೂ ಹೊರಗೆ ನೋಡಿದರು.

ಅಂದಿನಿಂದ ಅವಳೊಳಗೆ ಎರಡು ಮನಸ್ಸು. ಒಂದು ಮನಸ್ಸು ಬುಧವಾರಕ್ಕಾಗಿ ಕಾಯುತ್ತಿತ್ತು. ಇನ್ನೊಂದು ಮನಸ್ಸು ಅವಳ ಕಿವಿಯಲ್ಲಿ ಹೇಳುತ್ತಲೇ ಇತ್ತು... 'ನಿಮ್ಮವ್ವನ ಬಾಳೇ ನಿನಗೂ ಬೇಕೇನು? ಕುಡಿಯುವವನ ಮಾತು ನಂಬಿ ಅವಳಿಗೆ ಏನು ಸಿಕ್ಕಿತು? ನಂಬಬೇಡ. ನೋಡುತ್ತಿರು!'

ಅವಳು ನೋಡಿದಳು. ಅವನ ಕಣ್ಣು ಕೆಂಪಾಗಿದೆಯೇ? ಮಾತು ತೊದಲುತ್ತಿದೆಯೇ? ಐದು ನಿಮಿಷ ತಡವಾಗಿ ಬಂದನಲ್ಲ, ಯಾಕೆ? ಅವನು ನಗುವಾಗಲೂ ಅವಳು ಅವನ ಉಸಿರಿನ ವಾಸನೆ ಹಿಡಿಯುತ್ತಿದ್ದಳು.

ಒಮ್ಮೆ ಅವನೇ ಹೇಳಿದ. "ಪುಷ್ಪಾ, ನೀ ನನ್ನ ನೋಡಾಕತ್ತಿಯೋ, ಕಾವಲ ಕಾಯಾಕತ್ತಿಯೋ?"

ಅವಳು ಡಬ್ಬಿಗಳನ್ನು ಎಣಿಸತೊಡಗಿದಳು.

*

ಐದನೆಯ ಬುಧವಾರ. ಬೆಳಗಿನ ಬಸ್ಸು ಇನ್ನೂ ಬಂದಿರಲಿಲ್ಲ.

"ನನ್ನ ಚೀಲ ಹಿಡಕೋ. ನೀರಿನ ಬಾಟ್ಲಿ ತರ್ತೀನಿ," ಎಂದು ಹನುಮೇಶ ಅಂಗಡಿಯ ಕಡೆ ಹೋದ. ಇಂದು ಅವನು ಒಂದೂ ಚೇಷ್ಟೆಯ ಮಾತಾಡಿರಲಿಲ್ಲ. ಮುಖ ಬಾಡಿತ್ತು. ಏನೋ ಹೇಳಬೇಕೆಂದವನ ಹಾಗೆ ಎರಡು ಸಲ ಅವಳ ಕಡೆ ನೋಡಿ ಸುಮ್ಮನಾಗಿದ್ದ.

ಅವಳ ಕೈ ತಾನಾಗಿಯೇ ಚೀಲದೊಳಗೆ ಹೋಯಿತು. ಸಣ್ಣವಳಿದ್ದಾಗ ಅಪ್ಪನ ಅಂಗಿಯ ಜೇಬಿಗೆ ಹೋಗುತ್ತಿತ್ತಲ್ಲ... ಹಾಗೆಯೇ. ಬುತ್ತಿಡಬ್ಬಿ. ಟವೆಲು. ಟವೆಲಿನೊಳಗೆ ಸುತ್ತಿಟ್ಟ ಗಾಜು!

ತೆಗೆದು ನೋಡಬೇಕಾಗಿರಲಿಲ್ಲ. ಆದರೂ ನೋಡಿದಳು. ಅದೇ ಕೆಮ್ಮಿನ ಔಷಧಿ. ಮುಚ್ಚಳ ಒಡೆದಿತ್ತು. ಎರಡು ಬೆರಳಿನಷ್ಟು ಖಾಲಿಯಾಗಿತ್ತು.

ಬಾಟಲಿಯನ್ನು ಇದ್ದ ಹಾಗೆಯೇ ಸುತ್ತಿಟ್ಟಳು.

ಅವನು ಬಂದ. ಅವಳು ಕೇಳಬಹುದಿತ್ತು. ಒಂದೇ ಒಂದು ಮಾತು! ಆದರೆ ನಾಲಿಗೆ ಏಳಲೇ ಇಲ್ಲ.

"ಮುಂದಿನ ಬುಧವಾರ ನಾ ಬರೂದಿಲ್ರಿ," ಎಂದಳು ನೆಲ ನೋಡುತ್ತಾ.

"ಯಾಕ? ಮೈಯಾಗ ಆರಾಮಿಲ್ಲೇನು?"

"ಭಾನುವಾರ ನನ್ನ ನೋಡಾಕ ಗುತ್ತಲದಿಂದ ಬರ್ತೀವಿ ಅಂದಾರ. ಅವ್ವ ಎಂಟ ದಿನದಿಂದ ಕೇಳಾಕತ್ತಿದ್ಲು. ಇವತ್ತ ಹೂಂ ಅಂತೀನಿ."

ಅವನ ಕೈಯಲ್ಲಿದ್ದ ನೀರಿನ ಬಾಟಲಿ ಒಮ್ಮೆ ನಲುಗಿದ ಸದ್ದಾಯಿತು. ಅಷ್ಟೇ. ಅವನೆಂದ.

"ಚಲೋ ಆತು."

ಆ ಎರಡು ಶಬ್ದದ ಅರ್ಥ ಅವಳಿಗೆ ಗೊತ್ತಿತ್ತು. ಅವನೇ ಹೇಳಿದ್ದನಲ್ಲ! ಆದರೆ ಆ ಹೊತ್ತಿಗೆ ಅವಳ ಕಿವಿ ಮುಚ್ಚಿಹೋಗಿತ್ತು. ಬಸ್ಸು ಬಂತು. ಇಬ್ಬರೂ ಹತ್ತಿದರು. ಹಾವೇರಿಯವರೆಗೂ ಅವಳು ಹಿಂದೆ ತಿರುಗಲಿಲ್ಲ.

ಭಾನುವಾರ ಗುತ್ತಲದವರು ಬಂದರು. ಹುಡುಗ ಶಶಿಕಾಂತ. ಗೊಬ್ಬರದ ಅಂಗಡಿ, ಮೆಲು ಮಾತು.

"ಚಾ ಬಿಟ್ರ ಬ್ಯಾರೆ ಚಟ ಇಲ್ರಿ ನಮ್ಮ ಹುಡುಗಗ. ಅಡಕಿ ಸೈತ ತಿನ್ನೂದಿಲ್ಲ," ಎಂದರು ಅವನ ಕಡೆಯವರು.

ಪುಷ್ಪಲತಾಳ ತಾಯಿ ಗದಿಗೆವ್ವನ ಕಣ್ಣಲ್ಲಿ ನೀರು ತುಂಬಿತು. ಅವರು ಹೋದ ಮೇಲೆ ಮಗಳ ಗಲ್ಲ ಹಿಡಿದಳು. "ಇದಕ್ಕಿಂತ ಹೆಚ್ಚಿಂದು ನಾ ದೇವರ ಹತ್ರ ಬೇಡಿಲ್ಲ, ಮಗಳ. ಗುರುವಾರ ಹೇಳಿ ಕಳಿಸ್ತೀವಿ ಅಂದೇನಿ. ಹೂಂ ಅನ್ನು."

"ಗುರುವಾರ ಹೇಳ್ತೀನಬೇ."

ಒಳ್ಳೆಯ ಹುಡುಗ. ತಪ್ಪು ಹುಡುಕಲು ಏನೂ ಇಲ್ಲ. ಆದರೆ ಅವನು ಚಹಾ ಕುಡಿಯುತ್ತಿದ್ದಾಗಲೂ ಅವಳ ಕಣ್ಣು ಅವನ ಬೆರಳು ನಡುಗುತ್ತವೆಯೇ ಎಂದೇ ನೋಡುತ್ತಿತ್ತು. ಆಗ ಅವಳಿಗೆ ಮೊದಲ ಬಾರಿ ಅನುಮಾನ ಬಂತು... 'ಯಾರನ್ನು ಕಟ್ಟಿಕೊಂಡರೂ ನಾನು ಹೀಗೇ ಕಾವಲು ಕಾಯುತ್ತೇನೇನು? ಹಾಗಾದರೆ ರೋಗ ಯಾರಿಗೆ?'

*

ಸೋಮವಾರ ಮಧ್ಯಾಹ್ನ. ಪೇಟೆ ತುಂಬಿ ಗಾಳಿಯೆಲ್ಲ ಖಾರವಾಗಿತ್ತು. ಹಸಿರು ಸೀರೆಯ ಒಬ್ಬ ಹಿರಿಯ ಹೆಂಗಸು ಅಂಗಡಿಗೆ ಬಂದು, ಸೆರಗಿನ ಗಂಟಿನಿಂದ ಒಂದು ಹರಿದ ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟಳು.

"ಯವ್ವಾ, ಇದರಂಥಾದ್ದೊಂದು ಕೊಡು."

ಅದೇ ಹೆಸರು. ಪುಷ್ಪಲತಾ ಡಬ್ಬಿಯನ್ನು ತಿರುಗಿಸಿ ನೋಡಿದಳು.

"ಯಾರಿಗ್ರಿ ಕೆಮ್ಮು?"

"ಕೆಮ್ಮಲ್ಲವ್ವಾ. ಮಗಾಗ ನಿದ್ದಿ ಇಲ್ಲ. ಒಂದ ತಿಂಗಳಾತು, ಮಲಗಿದಲ್ಲೇ ಒದ್ದಾಡ್ತಾನ. ಬೆವರತಾನ. ಕೇಳಿದ್ರ ಏನಿಲ್ಲ ಬೇ ಅಂತಾನ. ಮನ್ಯಾಗ ಒಂದ ಬಾಟ್ಲಿ ಇತ್ತು. ಅಂವಗ ಹೇಳದ ಚಾದಾಗ ಒಂದೊಂದ ಚಮಚ ಹಾಕಿ ಕೊಟ್ಟೆ. ಮೂರನೇ ದಿನಕ್ಕ ಗೊತ್ತ ಹಿಡಿದು ಬಾಟ್ಲಿ ಕಸಗೊಂಡು ಹೋದ. ಈಗ ಬುಧವಾರದಿಂದ ಅನ್ನಾನೂ ಒಲ್ಲೆ ಅಂತಾನ... ಕೊಡು ತಂಗಿ, ಲಗೂ ಹೋಗಬೇಕು."

"ನಿಮ್ಮ ಮಗ... ಕೋಲ್ಡ್ ಸ್ಟೋರೇಜ್‌ನ್ಯಾಗ ಇರ್ತಾರೇನ್ರಿ?"

ಮುದುಕಿಯ ಮುಖ ಅರಳಿತು. "ಹೌದಬೇ! ನಮ್ಮ ಹನುಮೇಶಿ. ಕದರಮಂಡಲಗಿ ಹನುಮಪ್ಪಗ ಹರಕಿ ಹೊತ್ತು ಹಡದೇನಿ. ನಾ ಗುತ್ತೆವ್ವ. ನಿನಗ ಗೊತ್ತೇನ ಅಂವ?"

ಪುಷ್ಪಲತಾ ಕೌಂಟರಿನ ತುದಿ ಗಟ್ಟಿಯಾಗಿ ಹಿಡಿದುಕೊಂಡಳು. ಅವನು ಕೊಂಡದ್ದಲ್ಲ... ಆ ಬಾಟಲಿಯನ್ನು ಅವನು ಕೊಂಡದ್ದಲ್ಲ!

"ಕುಂದ್ರಿ ಅತ್ತಿ," ಎಂದು ಒಳಗಿನಿಂದ ಸ್ಟೂಲು ತಂದಿಟ್ಟಳು. "ಇದನ್ನ ಕೊಟ್ರ ನಿದ್ದಿ ಬರ್ತೈತಿ ಅಂತ ಯಾರ ಹೇಳಿದ್ರಿ?"

"ಯಾರ್ ಹೇಳಬೇಕು? ಸಣ್ಣಾಂವ ಇದ್ದಾಗ ದಿನಾ ಕೊಡ್ತಿದ್ದೆ. ಸಾಲಿನ್ಯಾಗ ಕುಂತ ಹೆಂಗಸರೆಲ್ಲಾ ತಮ್ಮ ಕೂಸಿಗೆ ಕೊಡ್ತಿದ್ರು. ಖಾರದ ಧೂಳಿಗೆ ಕೂಸು ಕೆಮ್ಮತಾವ, ಅಳತಾವ. ಒಂದ ಚಮಚ ಹಾಕಿದ್ರ ಗಪ್ಪನ ಮಲಗ್ತಿದ್ದ, ಬಂಗಾರದಂಥಾ ಕೂಸು."

"ಎತ್ತಿಕೊಂಡ್ರ ಮಲಗ್ತಿರಲಿಲ್ಲೇನ್ರಿ?"

ಕೇಳಬಾರದಿತ್ತೇನೋ. ಗುತ್ತೆವ್ವ ಎರಡೂ ಅಂಗೈಗಳನ್ನು ಮೇಲೆ ಮಾಡಿ ಕೌಂಟರಿನ ಮೇಲಿಟ್ಟಳು. ಬೆರಳ ತುದಿಗಳು ಸವೆದು ನುಣುಪಾಗಿದ್ದವು.

"ಈ ಕೈಲೆ ಹೆಂಗ ಎತ್ತಿಕೊಳ್ಳಲಿ, ತಂಗಿ? ಒಮ್ಮೆ ಅಳಾಕತ್ತಿದ್ದ ಅಂತ ಓಡಿ ಹೋಗಿ ಕಣ್ಣೀರ ಒರಸಿದೆ. ಕೈ ತುಂಬ ಖಾರ! ಕೂಸಿನ ಕಣ್ಣು, ಗಲ್ಲ ಉರದ ಹೋತು. ಎಷ್ಟ ತೊಳದ್ರೂ ಹೋಗೂದಿಲ್ಲ ಆ ಖಾರ. ಚೀರಿ ಚೀರಿ ಉಸರ ಕಟ್ಟಿತು. ಅವತ್ತಿನಿಂದ ಮುಟ್ಟಲಿಲ್ಲ. ಚಮಚದ ಹಿಡಿಕಿ ಹಿಡಿದ್ರ ಕೂಸಿಗೆ ಉರಿ ಹತ್ತೂದಿಲ್ಲಲ್ಲ... ಅದಕ್ಕ ಚಮಚ."

ಮುಖ ಕಾಣದ ಆ ಹಸಿರು ಬಳೆಯ ಕೈ ಯಾಕೆ ದೂರವೇ ಉಳಿಯಿತೆಂದು ಹನುಮೇಶನಿಗೆ ಇಂದಿಗೂ ಗೊತ್ತಿಲ್ಲ!

"ಅತ್ತಿ," ಅವಳು ಆ ಕೈಗಳನ್ನು ಹಿಡಿದುಕೊಂಡಳು. "ಈಗ ಈ ಕೈಯಾಗ ಖಾರಿಲ್ರಿ."

"ಕೆಲಸ ಬಿಟ್ಟು ಎಂಟ ವರ್ಷ ಆತಲ್ಲ."

"ಹಂಗಾರ ಬಾಟ್ಲಿ ಬ್ಯಾಡ್ರಿ. ಆ ಔಷಧಿನ ಅವರ ನಿದ್ದಿ ಕೆಡಿಸಿದ್ದು. ಅದನ್ನ ಬಿಡಾಕ ಒದ್ದಾಡಾಕತ್ತಾರ. ಇವತ್ತ ಅವರ ಬಾಜೂ ಸುಮ್ಕ ಕುಂದ್ರಿ. ತಲಿ ಮ್ಯಾಲ ಕೈ ಇಡ್ರಿ. ಈಗ ನನಗ ಹೇಳಿದ್ರಿ ನೋಡ್ರಿ, ಇದನ್ನ ಅವರಿಗೆ ಹೇಳ್ರಿ."

"ಅಷ್ಟಕ್ಕ ನಿದ್ದಿ ಬರ್ತೈತೇನ ತಂಗಿ?"

"ನನಗೂ ಗೊತ್ತಿಲ್ರಿ. ಆದ್ರ ಅದೊಂದು ನೀವು ಕೊಟ್ಟ ನೋಡಿಲ್ಲಲ್ರಿ."

ಗುತ್ತೆವ್ವ ಕಣ್ಣೀರು ಒರೆಸಿಕೊಳ್ಳಲು ಕೈ ಎತ್ತಿದವಳು, ಹಳೆಯ ರೂಢಿಯಂತೆ ಕೈ ಬಿಟ್ಟು ಸೆರಗಿನಿಂದ ಒರೆಸಿಕೊಂಡಳು.

ಕಪಾಟಿನ ಹಿಂದಿನಿಂದ ಪ್ರಭುಲಿಂಗಪ್ಪನ ಧ್ವನಿ ಬಂತು. ಈ ಸಲ ಅದು ಒದ್ದೆಯಾಗಿತ್ತು. "ಪುಷ್ಪಾ, ಯವ್ವಗ ಒಂದ ಚಾ ತರಸು. ನನಗೂ ಒಂದು. ಈ ಹಾಳ ಖಾರದ ಧೂಳು, ಕಣ್ಣಾಗ ಬರೇ ನೀರು..."

*

ಬುಧವಾರ. ಹತ್ತು ಗಂಟೆಯ ಬಸ್ಸಿನಲ್ಲಿ ಅವನಿರಲಿಲ್ಲ.

ಪುಷ್ಪಲತಾ ಮಾಲಿನ ಅಂಗಡಿಗೂ ಹೋಗದೆ ನೇರ ದವಾಖಾನೆಗೆ ಹೋದಳು. ಉದ್ದನೆಯ ಹಾದಿಯ ತುದಿಯಲ್ಲಿ, ಸುಗರಾಬಿ ಮೇಡಂ ಕೋಣೆಯ ಹೊರಗಿನ ಬೆಂಚಿನ ಮೇಲೆ ಅವನು ಕುಳಿತಿದ್ದ. ಬೆಳಗಿನ ಮೊದಲ ಬಸ್ಸಿಗೇ ಬಂದಿದ್ದ.

ಅವಳನ್ನು ಕಂಡು ಎದ್ದು ನಿಂತ. "ನೀ... ಗುತ್ತಲದವರು?"

"ನಾಳೆ ಹೇಳಬೇಕು ಅವರಿಗೆ. ಕುಂದ್ರಿ. ಮೊದಲ ನಂದೊಂದು ಕೇಳ್ರಿ."

ಬೆಂಚಿನ ಎರಡು ತುದಿಗೆ ಇಬ್ಬರೂ ಕುಳಿತರು.

"ಹೋದ ಬುಧವಾರ ನಿಮ್ಮ ಚೀಲ ಹುಡುಕಿದೆ. ಬಾಟ್ಲಿ ನೋಡಿದೆ. ನಿಮ್ಮನ್ನ ಕೇಳಲಿಲ್ಲ. ವರನ ಮಾತ ಹೇಳಿ ಓಡಿ ಹೋದೆ. ಮೊನ್ನೆ ಗುತ್ತೆವ್ವತ್ತಿ ಅಂಗಡಿಗೆ ಬಂದಾಗ ಗೊತ್ತಾತು, ಅದು ನೀವು ತಂದಿದ್ದಲ್ಲಂತ."

ಹನುಮೇಶ ತಲೆ ಅಲ್ಲಾಡಿಸಿದ. "ನಾ ತಂದಿದ್ದಲ್ಲ, ಖರೇ. ಆದ್ರ ಪೂರಾ ಕೇಳು. ಮೊದಲ ಎರಡ ದಿನ ಚಾದಾಗ ಐತಿ ಅಂತ ಗೊತ್ತಿರಲಿಲ್ಲ. ಮೂರನೇ ದಿನ ವಾಸನಿ ಗೊತ್ತಾತು. ಗೊತ್ತಾದ ಮ್ಯಾಲೂ ಕುಡಿದೆ, ಪುಷ್ಪಾ. ಕಪ್ಪು ಖಾಲಿ ಮಾಡೇ ಬಾಟ್ಲಿ ಕಸಗೊಂಡೆ. ಚೆಲ್ಲಾಕ ಕೈ ಬರಲಿಲ್ಲ, ಮನ್ಯಾಗ ಇಡಾಕ ಧೈರ್ಯ ಇಲ್ಲ. ಅದಕ್ಕ ಮೇಡಂ ಕೈಯಾಗ ಕೊಡೂಣು ಅಂತ ತಂದೆ. ಮೊದಲ ನಿನಗ ಹೇಳಬೇಕಂತ ಬಂದಿದ್ದೆ..."

ಅವನು ಕೋಣೆಯ ಬಾಗಿಲ ಕಡೆ ನೋಡಿ ಮುಂದುವರಿಸಿದ.

"ಸೋಮವಾರ ಅವ್ವ ಬಾಜೂ ಬಂದು ಕುಂತಳು. ತಲಿ ಮ್ಯಾಲ ಕೈ ಇಟ್ಟು ಎಲ್ಲಾ ಹೇಳಿದ್ಲು. ಖಾರದ ಕೈ, ನನ್ನ ಕಣ್ಣು... ಇಬ್ರೂ ಅತ್ತಿವಿ. ನಿದ್ದಿ ಬರಲಿಲ್ಲ. ಆದ್ರ ಎಚ್ಚರ ಇದ್ದದ್ದಕ್ಕ ಅಂಜಿಕಿ ಆಗಲಿಲ್ಲ."

ಪುಷ್ಪಲತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. ಈಗ ತನ್ನ ಸರದಿ.

"ನಾ ಏಳ ವರ್ಷದಾಕಿ ಇದ್ದೆ," ಎಂದಳು. "ಮನಿಗೆ ಬೀಗರು ಬಂದಿದ್ರು. ಅಪ್ಪ ಬಂದು ಊಟಕ್ಕ ಕುಂತ. ನನಗ ಏನೂ ತಿಳೀತಿರಲಿಲ್ಲ, ಎಲ್ಲಾರ ಮುಂದ ಕೇಳಿದೆ... 'ಅಪ್ಪಾ, ಕುಡಿದೀಯೇನು?' ಅಂತ. ಗಂಗಾಳ ಹಾರಿ ಅವ್ವನ ಹಣಿಗೆ ಬಡೀತು. ನನಗಲ್ಲ, ಅವ್ವಗ! ಅವತ್ತಿನಿಂದ ಯಾರನ್ನೂ ಏನೂ ಕೇಳಿಲ್ಲ ನಾ. ಅಪ್ಪನ ಚಪ್ಪಲಿ ಸಪ್ಪಳ ಕೇಳಿ ತಿಳ್ಕೊಂತಿದ್ದೆ, ಜೇಬು ಮುಟ್ಟಿ ತಿಳ್ಕೊಂತಿದ್ದೆ. ಸಾಲಿ ಬಿಟ್ಟು ಮನ್ಯಾಗ ಕುಂತೆ, ಅವ್ವನ್ನ ಕಾಯಾಕ. ನಿಮಗ ಚಮಚ ಹೆಂಗೋ... ನನಗ ಇದು. ನೋಡೂದು, ಹುಡುಕೂದು. ಬಿಡಾಕ ಬರವಲ್ದು."

ಹನುಮೇಶ ಅವಳನ್ನೇ ನೋಡುತ್ತಿದ್ದ. ಸಮಾಧಾನದ ಮಾತು ಹೇಳಲಿಲ್ಲ. ಬೆಂಚಿನ ಮೇಲೆ ಒಂದು ಗೇಣು ಹತ್ತಿರ ಸರಿದ, ಅಷ್ಟೇ.

ಅಷ್ಟರಲ್ಲಿ ಬಾಗಿಲು ತೆರೆದು ಸುಗರಾಬಿ ಮೇಡಂ ಇಣುಕಿದರು. ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿದರು.

"ಹನುಮೇಶಪ್ಪಾ, ನಿನ್ನ ಪಾಳಿ ಬಂದೈತಿ. ಒಳಗ ಬರ್ತಿಯೋ, ಇಲ್ಲೇ ಮುಗಿಸಿಬಿಡ್ತಿಯೋ?"

"ಐದ ನಿಮಿಷ್ರಿ ಮೇಡಂ..."

"ಹತ್ತ ತಗೋ. ಆಮ್ಯಾಲ ಈ ಹುಡುಗಿನ್ನೂ ಒಳಗ ಕಳಿಸು. ಆಕಿಗೂ ಒಂದು ಕುರ್ಚಿ ಐತಿ," ಎಂದು ಬಾಗಿಲು ಮುಂದಕ್ಕೆ ಎಳೆದುಕೊಂಡರು.

ಪುಷ್ಪಲತಾ ಅವನ ಕಡೆ ತಿರುಗಿದಳು. ಹದಿನೇಳು ವರ್ಷ ಒಳಗೇ ಉಳಿದ ಮಾತು ಈಗ ತುಟಿಗೆ ಬಂದಿತ್ತು.

"ಒಂದು ಕೇಳ್ತೀನ್ರಿ."

"ಕೇಳು."

"ಇವತ್ತ... ಕುಡಿದೀರೇನ್ರಿ?"

ಕೇಳಿ ಕಣ್ಣು ಮುಚ್ಚಿಕೊಂಡಳು. ಏನೂ ಹಾರಲಿಲ್ಲ. ಏನೂ ಒಡೆಯಲಿಲ್ಲ. ದೂರದಲ್ಲಿ ಯಾರೋ ನರ್ಸನ್ನು ಕರೆಯುತ್ತಿದ್ದರು.

"ಇಲ್ಲ," ಎಂದ ಅವನು. "ನಿನ್ನೆನೂ ಇಲ್ಲ. ಶನಿವಾರ ರಾಣೆಬೆನ್ನೂರಿಗೆ ಹೋದಾಗ ಒಂದು ಔಷಧಿ ಅಂಗಡಿ ಮೆಟ್ಲ ಹತ್ತಿದ್ದೆ. ಇಳಿದು ಬಂದೆ."

"ನಾಳೆ?"

"ನಾಳೆದಕ್ಕ ಆಣಿ ಮಾಡೂದಿಲ್ಲ ಪುಷ್ಪಾ. ಸುಳ್ಳ ಆದರೂ ಆದೀತು."

ಅವಳು ಕಣ್ಣು ತೆರೆದಳು. ಅವಳ ಅಪ್ಪ ದಿನವೂ ಆಣೆ ಮಾಡುತ್ತಿದ್ದ. ದೇವರ ಮೇಲೆ, ಅನ್ನದ ಮೇಲೆ, ಮಗಳ ತಲೆಯ ಮೇಲೆ. ಆಣೆ ಮಾಡಲು ಒಲ್ಲೆನೆಂದ ಗಂಡಸನ್ನು ಅವಳು ಇದೇ ಮೊದಲು ನೋಡಿದ್ದು.

"ಇನ್ನೊಂದ ಐತಿ," ಅವನ ಧ್ವನಿ ಒಡೆಯಿತು. "ಅವತ್ತ ಚಲೋ ಆತು ಅಂದೆ. ಚಲೋ ಆಗಿಲ್ಲ. ನನಗ ನೋವಾಗೈತಿ. ಭಾಳ ನೋವಾಗೈತಿ. ಗುತ್ತಲಕ್ಕ ಹೋಗಬ್ಯಾಡ... ನೀ ನನಗ ಬೇಕು."

ಹೇಳಿ ಮುಗಿಸುವಷ್ಟರಲ್ಲಿ ಅವನ ಕಣ್ಣೀರು ಇಳಿದಿತ್ತು. ಒರೆಸಿಕೊಳ್ಳಲಿಲ್ಲ. ಪುಷ್ಪಲತಾ ಅತ್ತ ಇತ್ತ ನೋಡಲಿಲ್ಲ, ಯಾರಾದರೂ ಕಂಡಾರು ಎನ್ನಲಿಲ್ಲ. ತನ್ನ ಬರಿಗೈಯಿಂದ ಅವನ ಗಲ್ಲ ಒರೆಸಿ, ಅವನ ಕೈ ಹಿಡಿದುಕೊಂಡಳು.

"ಹೋಗೂದಿಲ್ರಿ," ಎಂದಳು. "ಅವ್ವಗ ನಾಳೆ ನಾನ ಹೇಳ್ತೀನಿ. ಅಳ್ತಾಳ, ಬೈತಾಳ. ಒಂದ ವರ್ಷ ಕಾಯಿ ಅಂತೀನಿ. ಆ ವರ್ಷದಾಗ ನಿಮ್ಮ ಒಂದು ಬುಧವಾರನೂ ತಪ್ಪಬಾರ್ದು. ನಂದೂ."

"ತಪ್ಪೂದಿಲ್ಲ. ಇದಕ್ಕ ಬೇಕಾದ್ರ ಆಣಿ ಮಾಡ್ತೀನಿ."

"ಆಣಿ ಬ್ಯಾಡ! ಇನ್ನೊಂದು... ನಾ ನಿಮ್ಮ ಚೀಲ ಹುಡುಕೂದಿಲ್ಲ. ಅನುಮಾನ ಬಂದ್ರ ಬಾಯಿ ಬಿಟ್ಟು ಕೇಳ್ತೀನಿ. ಸಿಟ್ಟಿಗೆ ಬರಬಾರ್ದು."

"ದಿನಾ ಕೇಳ್ತಿಯೇನು?"

"ದಿನಾ."

"ಮದುವಿ ದಿನ? ತಲಿ ಮ್ಯಾಲ ಅಕ್ಕಿಕಾಳು ಬೀಳೂ ಮುಂದೂ ಕೇಳ್ತಿಯೇನು?"

ಅವಳು ನಾಚಿ ಮುಖ ತಗ್ಗಿಸಿದಳು. ಆದರೆ ಕೈ ಬಿಡಲಿಲ್ಲ.

"ಅವತ್ತ ಮೆಲ್ಲಕ ಕೇಳ್ತೀನ್ರಿ... ಕಿವ್ಯಾಗ."

"ಕೇಳಿದ್ರ ಏನ ಹೇಳ್ಲಿ?"

"ಖರೇ ಇದ್ದದ್ದ ಹೇಳ್ರಿ. ಅಷ್ಟ ಸಾಕು ನನಗ."